ಎದೆಯ ಮೇಲೆ ಎರಡು ಬೆರಳು

ಮಾನ್ವಿಯ ಖಾಜಾಸಾಬರು ರಾಯಚೂರಿನ ನನ್ನ ಮನೆಯಲ್ಲಿ ಕುರ್ಚಿಯ ತುದಿಗೆ ಕೂತು, ಚಹಾ ತಣ್ಣಗಾಗುವವರೆಗೂ ಮುಟ್ಟದೆ, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು. ಅವರ ಮಗಳು ರುಬೀನಾ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ರಾಯಚೂರಿನಲ್ಲೇ ನರ್ಸಿಂಗ್ ಓದಿ ಮುಗಿಸಿದ ಹುಡುಗಿ. ನನ್ನ ಹಾಗೆ ವಿಮಾನದಲ್ಲಿ ಗಾಯಾಳುಗಳ ಜೊತೆ ಹೋಗಬೇಕೆಂದು ಸೇನೆಯ ನರ್ಸಿಂಗ್ ಸೇವೆಗೆ ಅರ್ಜಿ ಹಾಕಿ, ಪರೀಕ್ಷೆ ಪಾಸಾಗಿ, ದೆಹಲಿಗೆ ಸಂದರ್ಶನಕ್ಕೆ ಬಾ ಎಂಬ ಕರೆಯೂ ಬಂದಿತ್ತು. ಅಪ್ಪ ಹೂಂ ಅಂದರೆ ಹೋಗುವುದು, ಇಲ್ಲವಾದರೆ ಇಲ್ಲ. ಹಾಗಂತ ಅವಳೇ ನಿರ್ಧರಿಸಿದ್ದಳು.

"ಅಕ್ಕಾರ, ದವಾಖಾನಿಯೊಳಗ ಏನರ ಆದ್ರ ಡಾಕ್ಟರನ್ನ ಕೂಗ್ತೀರಿ. ಮ್ಯಾಲ ಇಮಾನದಾಗ ಏನರ ಆದ್ರ ಯಾರನ್ನ ಕೂಗ್ತೀರಿ? ಕೂಗಿದ್ರ ಯಾರು ಬರ್ತಾರ?"

ನನ್ನ ಅರ್ಧ ಆಯುಷ್ಯ ಗಾಯಾಳುಗಳನ್ನು ವಿಮಾನದಲ್ಲಿ, ಹೆಲಿಕಾಪ್ಟರಿನಲ್ಲಿ ಸಾಗಿಸುವುದರಲ್ಲೇ ಕಳೆದಿದೆ. ಸಂಬಳ, ಹಾಸ್ಟೆಲು, ರಜೆ, ಮದುವೆ, ಇವುಗಳ ಬಗ್ಗೆ ಯಾವ ತಂದೆ ಏನು ಕೇಳಿದರೂ ನನ್ನಲ್ಲಿ ಉತ್ತರ ಸಿದ್ಧ. ಈ ಪ್ರಶ್ನೆಯನ್ನು ಮಾತ್ರ ಯಾವ ತಂದೆಯೂ ಕೇಳಿರಲಿಲ್ಲ.

"ಸ್ವಲ್ಪ ದಿನ ಕೊಡ್ರಿ ಅಣ್ಣಾರ. ನಾನ ಮಾನ್ವಿಗೆ ಬಂದು ಹೇಳ್ತೀನಿ" ಅಂದೆ.

ಅವರಿಗೆ ಹೇಳಿದ್ದನ್ನೂ, ಹೇಳದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ರುಬೀನಾಳಂಥ ಹುಡುಗಿಯರು ಓದಲಿ ಎಂದು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದು ನನ್ನ ಪಿಂಚಣಿ ಕಾಗದದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನಾನು ನೀಲಮ್ಮ, ದೇವದುರ್ಗದ ಕಡೆಯವಳು. ಅಪ್ಪ ಬೇಗ ತೀರಿಕೊಂಡ. ಹತ್ತಿಯ ಹಂಗಾಮು ಬಂತೆಂದರೆ ಅವ್ವ ಹನುಮವ್ವ ಗಂಟುಮೂಟೆಯ ಜೊತೆ ನನ್ನನ್ನೂ ಬಸ್ಸಿಗೆ ಏರಿಸಿಕೊಂಡು ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ದುಡಿಯಲು ಬರುತ್ತಿದ್ದಳು. ಹತ್ತಿಯಿಂದ ಬೀಜ ಬಿಡಿಸುವ ಆ ಯಂತ್ರಗಳ ಸಾಲು ಒಮ್ಮೆ ಶುರುವಾದರೆ ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಿಸದು. ಹಾಗಾಗಿ ಅಲ್ಲಿನ ಹೆಂಗಸರು ಕಿರುಚುವುದನ್ನೇ ಬಿಟ್ಟಿದ್ದರು. ಕೈಯಲ್ಲೇ ಮಾತು. ಹೆಬ್ಬೆರಳು ಬಾಯಿಗೆ ತಂದರೆ ನೀರು ಕೊಡು. ಎರಡೂ ಮಣಿಕಟ್ಟು ಅಡ್ಡ ಹಿಡಿದರೆ ಮಷಿನ್ ನಿಲ್ಲಿಸು. ತೋಳು ತೂಗಿ ತೋರಿಸಿದರೆ, ಹೊರಗೆ ಜೋಳಿಗೆಯಲ್ಲಿ ಮಲಗಿಸಿದ ನಿನ್ನ ಕೂಸು ಎದ್ದಿದೆ. ಮೇಸ್ತ್ರಿ ಬಂದ ಅನ್ನುವುದಕ್ಕೆ ಮೀಸೆ ತಿರುವುತ್ತಿದ್ದರು. ಆ ಮೇಸ್ತ್ರಿಗೆ ಮೀಸೆಯೇ ಇರಲಿಲ್ಲ, ಅದು ಬೇರೆ ಮಾತು.

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿದ್ದ ಸನ್ನೆ ಇನ್ನೊಂದು. ಹತ್ತಿಯ ದೂಳಿನಲ್ಲಿ ಯಾರಾದರೂ ದಣಿದೋ ಹೆದರಿಯೋ ಕತ್ತೆತ್ತಿ ನೋಡಿದರೆ, ಎದುರಿನವಳು ಎರಡು ಬೆರಳು ಜೋಡಿಸಿ ತನ್ನ ಎದೆಯ ಮೇಲೆ ಎರಡು ಸಲ ತಟ್ಟಿಕೊಳ್ಳುತ್ತಿದ್ದಳು. ನಾನಿದ್ದೇನೆ ಅಂತ ಅರ್ಥ. ಅದಕ್ಕೆ ಉತ್ತರವಾಗಿ ಇವಳು ಅಂಗೈ ಮುಚ್ಚಿ ಮುಷ್ಟಿ ಮಾಡಿ ತೋರಿಸಬೇಕು. ಸಿಕ್ಕಿತು, ಹಿಡಿದುಕೊಂಡೆ ಅಂತ ಅರ್ಥ. ನಾನು ಹತ್ತಿಯ ಚೀಲದ ಮೇಲೆ ಕೂತು ಶಾಲೆಯ ಪಾಠ ಬರೆಯುತ್ತಾ ಈ ಭಾಷೆಯನ್ನೂ ಕಲಿತೆ. ಮುಂದೆ ಅದೇ ನನ್ನ ಅನ್ನಕ್ಕೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು.

ನರ್ಸಿಂಗ್ ಓದಿ ಸೇನೆ ಸೇರಿದ ಮೇಲೆ, ಮೊದಲ ಹಾರಾಟದಲ್ಲಿ ನಾನು ಮಾಡಿದ ಮೊದಲ ಕೆಲಸ ವಾಂತಿ. ಎರಡನೆಯದು ಕಿರುಚಾಟ. ಸಾಮಾನು ಸಾಗಿಸುವ ವಿಮಾನದ ಹೊಟ್ಟೆಯಲ್ಲಿ ಒಂದರ ಮೇಲೊಂದು ಸ್ಟ್ರೆಚರ್ ಕಟ್ಟಿ ರೋಗಿಗಳನ್ನು ಮಲಗಿಸಿರುತ್ತಾರೆ. ಕಿಟಕಿಗಳೆಂದರೆ ಹೆಸರಿಗೆ. ಎಂಜಿನ್ನಿನ ಸದ್ದು ಹಲ್ಲಿನ ಬೇರಿನವರೆಗೂ ಇಳಿಯುತ್ತದೆ. ನಾನು ಒಬ್ಬ ಜವಾನನ ಎದೆಗೆ ಸ್ಟೆತಸ್ಕೋಪು ಒತ್ತಿ ಹಿಡಿದು ಅವನ ಎದೆಬಡಿತ ಹುಡುಕುತ್ತಿದ್ದೆ. ಕೇಳಿಸಿದ್ದು ಎಂಜಿನ್ನಿನ ಎದೆಬಡಿತ. ಹೆದರಿ, "ಮೇಡಂ, ಮೇಡಂ" ಎಂದು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದಲ್ಲೇ ನಿಂತಿದ್ದ ಥ್ರೇಸ್ಯಮ್ಮ ಮೇಡಂಗೆ ಅದು ಕೇಳಿಸಲೇ ಇಲ್ಲ.

ಥ್ರೇಸ್ಯಮ್ಮ ಮೇಡಂ ನನ್ನ ಮೇಲಧಿಕಾರಿ, ಕೇರಳದವರು. ಅವರ ಬಾಯಿ ಖಾರ, ಕೈ ತಂಪು. ತಿರುಗಿ ನೋಡಿದವರೇ ಸ್ಟೆತಸ್ಕೋಪನ್ನು ನನ್ನ ಕಿವಿಯಿಂದ ಎಳೆದು, ನನ್ನ ಚೀಲಕ್ಕೇ ಹಾಕಿ, ಚೀಲದ ಜಿಪ್ ಎಳೆದರು. ಆಮೇಲೆ ನನ್ನ ಬೆರಳು ಹಿಡಿದು ಜವಾನನ ಕತ್ತಿನ ಬದಿಗೆ ಇಟ್ಟರು. ಅಲ್ಲಿ ನಾಡಿ ಹದವಾಗಿ ಹೊಡೆಯುತ್ತಿತ್ತು. ಕೆಳಗಿಳಿದ ಮೇಲೆ ಹಿಂದಿಯಲ್ಲಿ ಹೇಳಿದರು: "ನೀಲಂ, ನಾಳೆಯಿಂದ ಕಿವಿ ಕೆಳಗೇ ಬಿಟ್ಟು ಬಾ. ಮೇಲೆ ಕಣ್ಣು, ಬೆರಳು ಸಾಕು." ಉತ್ತರದವರೂ ದಕ್ಷಿಣದವರೂ ಸೇರಿ ನನ್ನನ್ನು ನೀಲಂ ಮಾಡಿದ್ದರು, ನಾನೂ ಒಗ್ಗಿಕೊಂಡಿದ್ದೆ.

ಕೆಲವು ಹಾರಾಟಗಳಾದ ಮೇಲೆ, ಮೈಮರೆತು, ಆಚೆ ತುದಿಯಲ್ಲಿದ್ದ ಸಹಾಯಕನಿಗೆ ಹೆಬ್ಬೆರಳು ಬಾಯಿಗೆ ತಂದು ತೋರಿಸಿದೆ. ಅವನು ನೀರು ತಂದುಕೊಟ್ಟ. ಅದನ್ನು ಮೇಡಂ ನೋಡಿದರು. ಎಲ್ಲಿ ಕಲಿತೆ ಎಂದು ಕೇಳಿದಾಗ ಮಿಲ್ಲಿನ ಕಥೆ ಹೇಳಲು ನನಗೆ ಸಂಕೋಚ. ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಮರುದಿನ ಇಡೀ ತಂಡವನ್ನು ಸಾಲಾಗಿ ಕೂರಿಸಿ, "ಕಲಿಸು" ಅಂದರು. ಹಾಗೆ ನಮ್ಮವ್ವನ ಭಾಷೆ ವಿಮಾನ ಏರಿತು. ಇಲ್ಲದ ಮೀಸೆ ತಿರುವುವುದು ನಮ್ಮಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಬಂದರು ಅನ್ನುವ ಸನ್ನೆಯಾಯಿತು.

ಆಕಾಶದಲ್ಲಿ ಗಾಳಿ ಬೇರೆಯೇ ಥರ ನಡೆದುಕೊಳ್ಳುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದಿದ್ದೆ. ತಲೆಗೆ ಹೋದದ್ದು ಮಾತ್ರ ಚೂಡಾದಿಂದ. ಅವ್ವ ಅವಲಕ್ಕಿಗೆ ಶೇಂಗಾ ಹಾಕಿ ಚೂಡಾ ಮಾಡಿ, ಪ್ಲಾಸ್ಟಿಕ್ ಚೀಲದ ಬಾಯನ್ನು ಮೋಂಬತ್ತಿಯ ಉರಿಗೆ ಹಿಡಿದು ಅಂಟಿಸಿ ಕಳಿಸಿದ್ದಳು. ಅದು ನನ್ನ ಕೈಚೀಲದಲ್ಲಿತ್ತು. ವಿಮಾನ ಮೇಲೇರುತ್ತಿದ್ದಂತೆ ಆ ಚೀಲ ಪೂರಿಯಂತೆ ಉಬ್ಬಿ ಕೂತಿತು. ನಾನು ನಗುತ್ತಾ ಅದನ್ನು ಒತ್ತಿ ನೋಡಿದವಳು, ಥಟ್ಟನೆ ಎದುರಿನ ರೋಗಿಯ ಕಡೆ ತಿರುಗಿದೆ. ಅವನ ಗಂಟಲಲ್ಲಿ ಉಸಿರಾಟದ ನಳಿಗೆ ಇತ್ತು. ನಳಿಗೆ ಅಲುಗಬಾರದೆಂದು ಅದರ ತುದಿಯ ಪುಟ್ಟ ಬಲೂನಿಗೆ ಗಾಳಿ ತುಂಬಿರುತ್ತಾರೆ. ಚೂಡಾದ ಚೀಲ ಉಬ್ಬಿದರೆ ಆ ಬಲೂನು ಉಬ್ಬದೆ ಇರುತ್ತದೆಯೇ? ಉಬ್ಬಿ ಒಳಗಿನ ಗಂಟಲನ್ನು ಒತ್ತುತ್ತಿತ್ತು. ಗಾಳಿ ತೆಗೆದು ಉಪ್ಪುನೀರು ತುಂಬಿದೆವು, ನೀರು ಉಬ್ಬುವುದಿಲ್ಲ. ಈಗ ಆ ಒತ್ತಡ ಅಳೆಯಲು ಸಲಕರಣೆಗಳು ಬಂದಿವೆ, ಸ್ಟ್ರೆಚರಿನ ಪಕ್ಕದಲ್ಲೇ ಬಣ್ಣದ ಗೆರೆಗಳು ಓಡುವ ಪರದೆಗಳಿವೆ. ಅವು ಬಂದದ್ದು ಒಳ್ಳೆಯದೇ ಆಯಿತು. ಆದರೂ ಕಾಲೇಜಿಗೆ ಪಾಠ ಹೇಳಲು ಕರೆದರೆ ನಾನು ಚೂಡಾದ ಚೀಲ ಹಿಡಿದುಕೊಂಡೇ ಹೋಗುತ್ತೇನೆ. ಪಾಠ ಮುಗಿದ ಮೇಲೆ ಹುಡುಗಿಯರು ಅದನ್ನು ಉಳಿಸುವುದಿಲ್ಲ.

ರುಬೀನಾಗೆ ಈ ಹುಚ್ಚು ಹಿಡಿಸಿದವಳು ನಾನೇ ಎಂದು ಖಾಜಾಸಾಬರಿಗೆ ಗೊತ್ತಿತ್ತು. ಕೃಷ್ಣೆಗೆ ನೆರೆ ಬಂದು ದೇವದುರ್ಗದ ಕಡೆ ಹೊಳೆದಂಡೆಯ ಜನ ಪರಿಹಾರ ಶಿಬಿರ ಸೇರಿದ್ದಾಗ, ನಾನು ಯಾರೂ ಕರೆಯದಿದ್ದರೂ ಹೋಗಿ ಸೇರಿಕೊಂಡಿದ್ದೆ. ನಿವೃತ್ತರಿಗೆ ಇರುವ ಚಟ ಅದು. ತುಂಬು ಬಸುರಿಯೊಬ್ಬಳನ್ನು ಸಾಗಿಸಲು ಹೆಲಿಕಾಪ್ಟರ್ ಇಳಿಯಿತು. ರುಬೀನಾ ಅಲ್ಲಿಗೆ ಬಂದಿದ್ದ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ನೆರವಾಗುವ ಉತ್ಸಾಹದಲ್ಲಿ ಹೆಲಿಕಾಪ್ಟರಿನ ಹಿಂಬದಿಗೆ ಓಡುತ್ತಿದ್ದಳು. ಬಾಲದ ಆ ಸಣ್ಣ ರೆಕ್ಕೆ ತಿರುಗುವುದು ಕಣ್ಣಿಗೆ ಕಾಣುವುದಿಲ್ಲ, ಸಿಕ್ಕಿದ್ದನ್ನು ಬಿಡುವುದಿಲ್ಲ. ಕೂಗಿದರೆ ಕೇಳಿಸುವ ಹಾಗಿರಲಿಲ್ಲ. ಅವಳ ಎದುರಿಗೆ ನುಗ್ಗಿ ಮಣಿಕಟ್ಟು ಅಡ್ಡ ಹಿಡಿದೆ. ಅರ್ಥ ಗೊತ್ತಿಲ್ಲದಿದ್ದರೂ ನಿಂತುಬಿಟ್ಟಳು. ಆಮೇಲೆ ಮುಂಬದಿಯಿಂದ ಕರೆದುಕೊಂಡು ಹೋದೆ. ಸ್ಟ್ರೆಚರಿನ ಮೇಲಿದ್ದ ಬಸುರಿ ನಡುಗುತ್ತಿದ್ದಳು. ನಾನು ಎರಡು ಬೆರಳು ಎದೆಗೆ ತಟ್ಟಿಕೊಂಡದ್ದನ್ನು ನೋಡಿ ರುಬೀನಾ ತಾನೂ ಹಾಗೇ ತಟ್ಟಿಕೊಂಡು, ಬಾಗಿಲು ಮುಚ್ಚುವವರೆಗೂ ಆ ಹೆಂಗಸಿನ ಮುಖದಿಂದ ಕಣ್ಣು ಕೀಳಲಿಲ್ಲ. ಆಗಲೇ ನನಗೆ ಅನಿಸಿತು, ಇವಳು ನಮ್ಮವಳು ಎಂದು.

ಹೇಳಿದ ಮಾತಿನಂತೆ ಮಾನ್ವಿಗೆ ಹೋದೆ. ಖಾಜಾಸಾಬರದು ಗಾದಿ ಮಾಡುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹತ್ತಿ ಹಿಂಜುವ ಮಷಿನ್ ಗರಗರ ಓಡುತ್ತಿತ್ತು. ಹುಬ್ಬು, ಗಡ್ಡ, ಟೊಪ್ಪಿಗೆ ಎಲ್ಲಕ್ಕೂ ಹತ್ತಿ ಮೆತ್ತಿಕೊಂಡು ಅವರು ಮಷಿನ್ನಿಗೆ ಹತ್ತಿ ಕೊಡುತ್ತಿದ್ದರು. ನನ್ನನ್ನು ಇನ್ನೂ ನೋಡಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿರುವಾಗಲೇ ಅವರು ಒಮ್ಮೆ ಮಷಿನ್ ನಿಲ್ಲಿಸಿ, ಮನೆಯ ಕಡೆಗೆ ಕತ್ತು ತಿರುಗಿಸಿ ಸುಮ್ಮನೆ ಕಿವಿಗೊಟ್ಟರು. ಮತ್ತೆ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲಿಸಿದರು. ಕರೆಂಟು ಹೋಗಿರಲಿಲ್ಲ, ಹತ್ತಿ ಸಿಕ್ಕಿಕೊಂಡಿರಲಿಲ್ಲ.

ನನ್ನನ್ನು ಕಂಡು, "ಬರ್ರಿ ಅಕ್ಕಾರ, ಬರ್ರಿ" ಎಂದು ಒಂದು ಹೊಸ ಗಾದಿಯ ಮೇಲೆಯೇ ಕೂರಿಸಿದರು. ರುಬೀನಾ ನೀರು ತಂದಳು.

"ಮಷಿನ್ ಯಾಕ ನಿಲ್ಲಸ್ತೀರಿ ಗಳಿಗಿಗೊಮ್ಮೆ?" ಎಂದು ಕೇಳಿದೆ. ನನ್ನ ಬಾಯಿಗೆ ಕೀಲಿ ಇಲ್ಲ.

ಅವರು ಕೈಯಲ್ಲಿದ್ದ ಹತ್ತಿಯನ್ನು ಬಿಡಿಸುತ್ತಾ ಕೂತರು. "ಈಕಿ ತಾಯಿ ಹೋದದ್ದು ಹಂಗ ಅಕ್ಕಾರ. ಒಳಗ ಎದಿನೋವು ಬಂದು ಕೂಗ್ಯಾಳ. ನಾ ಇಲ್ಲಿ ಮಷಿನ್ ನಡಸಾಕತ್ತಿದ್ನಿ. ಎಷ್ಟ ಸಲ ಕೂಗಿದ್ಲೋ ಏನೋ. ಊಟಕ್ಕಂತ ಒಳಗ ಹೋದಾಗ ನೋಡಿನ್ರಿ. ಈಕಿ ಆವಾಗ ಸಣ್ಣಾಕಿ, ಸಾಲಿಗಿ ಹೋಗಿದ್ಲು."

ನನ್ನ ಕಣ್ಣು ತುಂಬಿತು. ಅಂದು ನಮ್ಮ ಮನೆಯಲ್ಲಿ ಕೇಳಿದ ಪ್ರಶ್ನೆ ವಿಮಾನದ ಬಗ್ಗೆ ಆಗಿರಲೇ ಇಲ್ಲ. ಮಗಳು ಕೂಗಿದರೆ ಕೇಳಿಸದ ಜಾಗಕ್ಕೆ ಅವಳನ್ನು ಹೇಗೆ ಕಳಿಸಲಿ ಎಂದು ಅವರು ಕೇಳಿದ್ದರು. ನನಗೆ ಒಬ್ಬ ರೋಗಿಯ ನೆನಪಾಯಿತು. ಅದನ್ನೇ ಹೇಳಿದೆ.

ಗಡಿಯ ಬೆಟ್ಟಗಳ ಮೇಲೆ ಯುದ್ಧ ನಡೆಯುತ್ತಿದ್ದ ಬೇಸಿಗೆ. ದಿನವೂ ಗಾಯಾಳುಗಳನ್ನು ತುಂಬಿಕೊಂಡು ದೊಡ್ಡ ಆಸ್ಪತ್ರೆಗಳ ಕಡೆ ಹಾರುತ್ತಿದ್ದೆವು. ಒಂದು ಹಾರಾಟದಲ್ಲಿ ಬಂದವನು ಗಢವಾಲದ ಕಡೆಯ ಜವಾನ, ಇನ್ನೂ ಮೀಸೆ ಬಲಿಯದವನು. ಹತ್ತಿರದಲ್ಲೇ ಶೆಲ್ ಸಿಡಿದು ಎರಡೂ ಕಿವಿ ಹೋಗಿತ್ತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಎದೆಯೊಳಗೆ ತುಂಬುತ್ತಿದ್ದ ರಕ್ತವೂ ಗಾಳಿಯೂ ಹೊರಬರಲೆಂದು ಪಕ್ಕೆಗೆ ನಳಿಗೆ ಹಾಕಿದ್ದರು. ವಿಮಾನ ನೆಲ ಬಿಟ್ಟದ್ದೇ ತಡ, ಅವನು ಒದ್ದಾಡಲು ಶುರು ಮಾಡಿದ. ಕಾಣದು, ಕೇಳದು, ಮೈ ಕೆಳಗಿನ ಲೋಕವೆಲ್ಲ ನಡುಗುತ್ತಿದೆ. ತಾನು ಶತ್ರುಗಳ ಕೈಗೆ ಸಿಕ್ಕಿದ್ದೇನೆ ಎಂದೇ ಅವನು ತಿಳಿದಿದ್ದ. ಕೈ ಬೀಸಿ ಬೀಸಿ ಆ ನಳಿಗೆಯನ್ನು ಹಿಡಿಯಲು ನೋಡುತ್ತಿದ್ದ. ಕಿತ್ತುಕೊಂಡರೆ ಉಳಿಯುತ್ತಿರಲಿಲ್ಲ. ತಲೆಗೂ ಪೆಟ್ಟಾಗಿದ್ದರಿಂದ ನಿದ್ದೆಯ ಮದ್ದು ಕೊಡುವ ಹಾಗಿರಲಿಲ್ಲ. ಕೈ ಕಟ್ಟಿದರೆ ಸೆರೆಯಾದೆ ಎಂದು ಇನ್ನೂ ಜೋರಾಗಿ ಒದ್ದಾಡುತ್ತಿದ್ದ.

ನಾನು ಅವನ ಅಂಗೈ ಹಿಡಿದು ನನ್ನ ಕೆನ್ನೆಗೆ ಇಟ್ಟೆ. ಆಮೇಲೆ ನನ್ನ ತುರುಬಿಗೆ ಇಟ್ಟೆ. ಹೆಂಗಸು ಎಂದು ತಿಳಿದದ್ದೇ ಅವನ ಕೈ ನಿಂತಿತು. ಸನ್ನೆ ತೋರಿಸೋಣವೆಂದರೆ ಅವನಿಗೆ ಕಣ್ಣಿಲ್ಲ. ಅದಕ್ಕೆ ಎರಡು ಬೆರಳು ಜೋಡಿಸಿ ಅವನ ಎದೆಯ ಮೇಲೆಯೇ, ಗಾಯವಿಲ್ಲದ ಬದಿಗೆ, ಎರಡು ಸಲ ತಟ್ಟಿದೆ. ಅವನ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿಸಿದೆ. ಮತ್ತೆ ತಟ್ಟಿದೆ, ಮತ್ತೆ ಮಡಚಿದೆ. ಮುಂದಿನ ಸಲ ತಟ್ಟಿದಾಗ ಅವನೇ ಮುಷ್ಟಿ ಮುಚ್ಚಿದ.

ಆದರೆ ನಾನು ಅವನೊಬ್ಬನ ನರ್ಸ್ ಅಲ್ಲವಲ್ಲ. ಇನ್ನೊಂದು ಸ್ಟ್ರೆಚರಿನಲ್ಲಿ ಒಬ್ಬನಿಗೆ ರಕ್ತ ಹರಿಯುತ್ತಿತ್ತು, ಅಲ್ಲಿಗೆ ಹೋಗಲೇಬೇಕಿತ್ತು. ಹೋದ ಕೂಡಲೇ ಈ ಹುಡುಗನ ಕೈ ಮತ್ತೆ ಗಾಳಿಯಲ್ಲಿ ತಡಕಾಡಲು ಶುರುವಾಯಿತು. ಅಲ್ಲಿಂದಲೇ ನೋಡಿದೆ, ಏನೂ ಮಾಡುವ ಹಾಗಿರಲಿಲ್ಲ. ಆಗ ಪಕ್ಕದ ಸ್ಟ್ರೆಚರಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ವಯಸ್ಸಾದ ಹವಾಲ್ದಾರ ಕೈ ಚಾಚಿ ಅವನ ಎದೆಗೆ ಎರಡು ಸಲ ತಟ್ಟಿದ. ಹುಡುಗ ಮುಷ್ಟಿ ಮುಚ್ಚಿದ. ಹವಾಲ್ದಾರನ ಕೈ ಸೋತಾಗ ನಮ್ಮ ಸಹಾಯಕ ಹಾದುಹೋಗುತ್ತಾ ತಟ್ಟಿದ. ವಿಮಾನದ ಸಿಬ್ಬಂದಿಯವನೊಬ್ಬ ಸಾಮಾನು ನೋಡಲು ಹಿಂದಕ್ಕೆ ಬಂದವನು ನಿಂತು ನೋಡಿ ತಾನೂ ತಟ್ಟಿದ. ಎದೆಯೊಳಗಿನ ಗಾಳಿ ಉಬ್ಬಿ ಹುಡುಗನ ಉಸಿರು ಬಿಗಿಯಾಗುತ್ತಿದೆ, ಕೆಳಗೆ ಹಾರಿಸಿ ಎಂದು ನಾನು ಅವನಿಗೆ ಅಂಗೈ ಇಳಿಸಿ ತೋರಿಸಿದೆ. ಅವನು ಓಡಿದ. ಪೈಲಟ್ ಬೆಟ್ಟಗಳು ಮುಗಿದದ್ದೇ ವಿಮಾನ ಇಳಿಸಿ, ಕೆಳಗಿನ ದಾರಿಯಲ್ಲಿ ಹಾರಿಸಿದ. ಹುಡುಗನ ಉಗುರಿನ ನೀಲಿ ಬಣ್ಣ ತಿಳಿಯಾಗುತ್ತಾ ಬಂತು. ನನಗೆ ಅವತ್ತಿನಷ್ಟು ಸಂತೋಷ ಇನ್ನು ಯಾವತ್ತೂ ಆಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಖಾಜಾಸಾಬರ ಕೈಯಲ್ಲಿದ್ದ ಹತ್ತಿ ಹಾಗೇ ಇತ್ತು.

"ಆ ಹುಡುಗ ಉಳದನೇನ್ರಿ?"

"ಉಳದಾನ್ರಿ. ಭಾಳ ದಿನ ಆದಮ್ಯಾಲ ಅದ ದವಾಖಾನಿಗೆ ಕೆಲಸದ ಮ್ಯಾಲ ಹೋಗಿದ್ನಿ. ಒಂದು ಕಣ್ಣು ಬಂದಿತ್ತು. ಕಿವಿ ಸ್ವಲ್ಪ ಸ್ವಲ್ಪ ಕೇಳಾಕತ್ತಿತ್ತು. ನನ್ನ ಮಾರಿ ಆಂವ ಎಂದೂ ನೋಡಿದಾಂವ ಅಲ್ಲ. ಯಾರೋ ಸಿಸ್ಟರ್ ಅಂತ ಸುಮ್ಮನ ಕುಂತಿದ್ದ. ಹತ್ತರ ಹೋಗಿ ಎದಿಗೆ ಎರಡು ಸಲ ತಟ್ಟಿದೆ. ಮುಷ್ಟಿ ಮುಚ್ಚಿ ಕೂಸಿನಂಗ ಅತ್ತಬಿಟ್ಟ. ನಾನೂ ಅತ್ತೆ."

ಆಮೇಲೆ ಹೇಳಬೇಕಾದ್ದನ್ನೂ ಹೇಳಿದೆ. "ಎಲ್ಲಾರೂ ಉಳೀತಾರಂತ ಸುಳ್ಳು ಹೇಳಂಗಿಲ್ಲ. ನನ್ನ ಕೈಯಾಗ ಹೋದವರೂ ಅದಾರ. ಅವರ ಹೊದಿಕಿ ಸರಿಮಾಡಿ ಮುಂದಿನವರ ಹತ್ತರ ಹೋಗಬೇಕಾಗ್ತದ. ಅದು ನಿಮ್ಮ ಮಗಳಿಗೂ ಬರ್ತದ. ಆದ್ರ ನೀವು ಕೇಳಿದ್ರಲ್ಲ, ಕೂಗಿದ್ರ ಯಾರು ಬರ್ತಾರ ಅಂತ. ಅಲ್ಲಿ ಯಾರೂ ಕೂಗಂಗಿಲ್ಲ ಅಣ್ಣಾರ. ಕೂಗಿದ್ರ ಕೇಳಂಗಿಲ್ಲ ಅಂತ ಎಲ್ಲಾರಿಗೂ ಗೊತ್ತದ. ಅದಕ್ಕ ಎಲ್ಲಾರೂ ಒಬ್ಬರನ್ನೊಬ್ಬರು ನೋಡ್ಕೋತ ಇರ್ತಾರ. ನೋಡಿ ಬರ್ತಾರ."

ನನಗೆ ಇನ್ನೂ ಒಂದು ಮಾತು ಉಳಿದಿತ್ತು. "ನೀವು ಮಷಿನ್ ನಿಲ್ಲಿಸಿ ಒಳಗ ನೋಡ್ತೀರಲ್ಲ, ಅದನ್ನ ನೋಡಿ ಬೆಳದಾಳ ಆಕಿ. ನಾ ಆಕಿಗೆ ಹೊಸದೇನೂ ಕಲಿಸಿಲ್ಲ."

ರುಬೀನಾ ಗೋಡೆಯ ಕಡೆ ತಿರುಗಿ ನಿಂತಳು. ಖಾಜಾಸಾಬರು ಎದ್ದು, "ಚಾ ಕುಡದು ಹೋಗ್ರಿ" ಎಂದಷ್ಟೇ ಹೇಳಿ ಮಷಿನ್ ಶುರು ಮಾಡಿದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಲ್ಲೂರು ದಾಟುವವರೆಗೂ ನನ್ನನ್ನು ನಾನೇ ಬೈದುಕೊಂಡೆ. ಸತ್ತವರ ಮಾತು ಯಾಕೆ ಎತ್ತಬೇಕಿತ್ತು? ಹುಡುಗಿಯ ದಾರಿಗೆ ನಾನೇ ಕಲ್ಲು ಹಾಕಿದೆ ಅನಿಸಿತು.

ಅವರು ಕೊನೆಗೂ ಬಾಯಿ ಬಿಟ್ಟು ಹೂಂ ಅನ್ನಲೇ ಇಲ್ಲ. ಕೆಲವು ದಿನಗಳ ಮೇಲೆ ರುಬೀನಾ ಫೋನ್ ಮಾಡಿದಳು. "ಮೇಡಂ, ಅಬ್ಬಾ ನನಗೊಂದು ಸಣ್ಣ ಗಾದಿ ಹೊಲ್ಯಾಕತ್ತಾರ. ರೈಲಿನ್ಯಾಗ ಹಾಸ್ಕೊಳ್ಳಾಕ ಬೇಕಾಗ್ತದಂತ" ಅಂದಳು. ಎಸಿ ಡಬ್ಬಿಯಲ್ಲಿ ಹಾಸಿಗೆ ಅವರೇ ಕೊಡುತ್ತಾರೆ ಎಂದು ಅಪ್ಪನಿಗೆ ಹೇಳಿದ್ದೀಯಾ ಎಂದು ಕೇಳಿದೆ. "ಇಲ್ರಿ, ಹೇಳಂಗಿಲ್ಲ" ಎಂದು ನಕ್ಕಳು.

ರಾಯಚೂರು ಸ್ಟೇಷನ್ನಿಗೆ ನಾನೂ ಹೋಗಿದ್ದೆ. ದೆಹಲಿಗೆ ಹೋಗುವ ರೈಲು ಬಂತು. ಸುರುಳಿ ಸುತ್ತಿ ಕಟ್ಟಿದ ಗಾದಿಯನ್ನು ಖಾಜಾಸಾಬರೇ ಒಳಗೆ ಇಟ್ಟು ಕೆಳಗಿಳಿದರು. ಕಿಟಕಿಯ ಗಾಜು ತೆರೆಯುವ ಥರದ್ದಲ್ಲ. ಗಾಜಿನ ಆಚೆ ರುಬೀನಾ ಏನೋ ಹೇಳುತ್ತಿದ್ದಳು, ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. "ಏನವ್ವಾ? ಏನಂತಿ?" ಎಂದು ಇವರು ಗಾಜಿಗೆ ಕಿವಿ ಹಚ್ಚಿದರು. ರೈಲು ಸಿಳ್ಳು ಹಾಕಿ ಹೊರಟಿತು. ಅವರು ಕಿಟಕಿಯ ಜೊತೆಯಲ್ಲೇ ನಡೆದರು. ಮಗಳ ಹೆಸರು ಕೂಗಲೆಂದು ಬಾಯಿ ತೆರೆದವರು, ಮುಚ್ಚಿದರು. ಹತ್ತಿ ಹಿಂಜಿ ಹಿಂಜಿ ಒರಟಾದ ಎರಡು ಬೆರಳು ಜೋಡಿಸಿ ಎದೆಯ ಮೇಲೆ ಎರಡು ಸಲ ತಟ್ಟಿಕೊಂಡರು.

ಗಾಜಿನ ಆಚೆ ರುಬೀನಾ ಮುಷ್ಟಿ ಮುಚ್ಚಿದಳು. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಅದನ್ನು ಬಿಚ್ಚಲಿಲ್ಲ.